ಒಳಗಿನ ಅರಗು

ಗಾದೆಗಳು ಹಿರಿಯರ ಅನುಭವದ ಸಾರವೆಂದು ನಾವು ಶಿಕ್ಷಕರು ಮಕ್ಕಳಿಗೆ ಹೇಳಿಕೊಡುತ್ತ ಬಂದಿದ್ದೇವೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದೆಂಬ ಮಾತನ್ನು ಕರಿಹಲಗೆಯ ಮೇಲೆ ಒಮ್ಮೆಯಾದರೂ ಬರೆಯದ ಕನ್ನಡ ಶಿಕ್ಷಕನು ವಿರಳ. ಆದರೆ ಗಾದೆಯೊಂದು ಒಬ್ಬ ಮನುಷ್ಯನನ್ನು, ಅವನ ಮನೆತನವನ್ನು, ಅವನ ಕಸುಬನ್ನು ಒಟ್ಟಿಗೆ ಕಟಕಟೆಯಲ್ಲಿ ನಿಲ್ಲಿಸಿದಾಗ, ಅದನ್ನು ನುಡಿದ ಬಾಯಿಗೆ ಹೊಣೆಯುಂಟೇ ಇಲ್ಲವೇ? ಈ ಪ್ರಶ್ನೆ ನಮಗೆ ಗ್ರಂಥಗಳಿಂದ ಬಂದುದಲ್ಲ. ನಮ್ಮ ಸಾಲೆಯ ಒಂದು ಕೋಣೆಯಲ್ಲಿ ನಮ್ಮ ತಪ್ಪಿನಿಂದಲೇ ಹುಟ್ಟಿದುದು. ವಾಚಕ ಬಂಧುಗಳಲ್ಲಿ ಹೆಚ್ಚಿನವರು ಶಿಕ್ಷಕರೂ ವಿದ್ಯಾರ್ಥಿಗಳೂ ಆಗಿರುವುದರಿಂದ ಅದನ್ನು ಇಲ್ಲಿ ನಿವೇದಿಸಿಕೊಳ್ಳುವುದು ಉಚಿತವೆಂದು ಭಾವಿಸಿದ್ದೇವೆ.

ಕಳೆದ ಶ್ರಾವಣದಲ್ಲಿ ಏಳನೆಯ ಇಯತ್ತೆಯ ಮಕ್ಕಳಿಗೆ ಗಾದೆಗಳನ್ನು ವಿಸ್ತರಿಸಿ ಬರೆಯುವ ಪಾಠ ನಡೆದಿತ್ತು. ನಾವು ಹಲಗೆಯ ಮೇಲೆ ಹತ್ತು ಗಾದೆಗಳನ್ನು ಬರೆದೆವು. ಅವುಗಳಲ್ಲೊಂದು, “ಅಕ್ಕನ ಚಿನ್ನವಾದರೂ ಅಕ್ಕಸಾಲಿ ಬಿಡ” ಎಂಬುದು. ಮಕ್ಕಳು ನಕ್ಕರು, ಪ್ರಾಸದ ಸೊಗಸಿಗೆ ನಾವೂ ನಕ್ಕೆವು. ಮೂರನೆಯ ಸಾಲಿನಲ್ಲಿ ಕುಳಿತಿದ್ದ ಒಬ್ಬ ಹುಡುಗನು ಮಾತ್ರ ಲೇಖನಿಯನ್ನು ಕೆಳಗಿಟ್ಟು ತಲೆ ತಗ್ಗಿಸಿದನು. ಅವನು ಊರಿನ ಪತ್ತಾರರ ಮಗ. ಅವನ ಪಕ್ಕದವನು ಮೊಣಕೈಯಿಂದ ಅವನನ್ನು ತಿವಿದುದನ್ನು ನಾವು ಕಂಡೆವು. ಕಂಡೂ ಮುಂದಿನ ಗಾದೆಗೆ ಹೋದೆವು. ನಮ್ಮ ತಪ್ಪು ಇರುವುದು ಅಲ್ಲಿಯೇ. ಆಡಿದ ಮಾತು ಅರಿಯದೆ ಆಡಿದುದಾಗಿರಬಹುದು. ಕಂಡ ಮೇಲೆ ಮುಂದೆ ಹೋದುದು ಅರಿಯದೆ ಮಾಡಿದುದಲ್ಲ.

ಮರುದಿನ ಆ ಹುಡುಗನು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಮೂರನೆಯ ದಿನ ಸಂಜೆ ಸಾಲೆ ಬಿಟ್ಟ ಮೇಲೆ ನಾವು ಪತ್ತಾರರ ಮನೆಗೆ ಹೋದೆವು.

ಅಕ್ಕಲಕೋಟೆಯ ಸೀಮೆಯಲ್ಲಿ ಪತ್ತಾರರ ಮನೆಯ ಪಡಸಾಲೆಯೇ ಅವರ ಕೆಲಸದ ಮನೆ. ನೆಲದಲ್ಲಿ ಹೂತ ಮರದ ದಿಮ್ಮಿಯ ಮೇಲೆ ಕಬ್ಬಿಣದ ಅಡಿಗಲ್ಲು, ಪಕ್ಕದಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ, ಗೋಡೆಗೆ ಒರಗಿಸಿದ ಊದುಗೊಳವೆಗಳು, ಸಣ್ಣ ಮಣ್ಣಿನ ಮೂಸೆಗಳು, ತಂತಿ ಎಳೆಯುವ ಕಂಬಚ್ಚು, ಒಂದು ಬಟ್ಟಲಲ್ಲಿ ಬಿಳಿಗಾರ, ಇನ್ನೊಂದರಲ್ಲಿ ನೆನೆಯಿಟ್ಟ ಹುಣಸೆಹಣ್ಣು ಮತ್ತು ಅಂಟುವಾಳ. “ಬರ್ರಿ ಮಾಸ್ತರ್ರ, ಕೂಡ್ರಿ” ಎಂದು ಅವರು ಚಾಪೆ ಹಾಸಿದರು. ಮಗನ ವಿಷಯ ಕೇಳಿದೆವು. “ಹೊಟ್ಟಿ ನೋವು ಅಂದಾನ. ಹೊಟ್ಟಿದಲ್ಲ ಅದು, ನನಗೂ ಗೊತ್ತದ, ನಿಮಗೂ ಗೊತ್ತದ” ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನಾವು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ, “ಕೈಯಾಗ ಕೆಲಸ ಅದ, ಆರತದ, ಸ್ವಲ್ಪ ನೋಡಕೋತ ಕೂಡ್ರಿ” ಎಂದು ಅಗ್ಗಿಷ್ಟಿಕೆಯತ್ತ ತಿರುಗಿದರು.

ನಾವು ನೋಡುತ್ತ ಕುಳಿತೆವು. ಅವರು ಮಾಡುತ್ತಿದ್ದುದು ಟೊಳ್ಳು ಕಡಗ. ಬೆಳ್ಳಿಯು ಸುಮಾರು 962 ಅಂಶ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಕರಗುತ್ತದೆಂದು ನಾವು ಓದಿ ಬಲ್ಲೆವು. ಅವರು ಆ ಹದವನ್ನು ಬಣ್ಣ ನೋಡಿ ಬಲ್ಲರು. ಕರಗಿದ ಬೆಳ್ಳಿಯನ್ನು ಅಚ್ಚಿನಲ್ಲಿ ಎರೆದು ಸಲಾಕೆ ಮಾಡಿ, ಅಡಿಗಲ್ಲಿನ ಮೇಲೆ ಬಡಿದು ತಗಡಾಗಿಸುವರು. ಬಡಿದಂತೆಲ್ಲ ಲೋಹವು ಬಿರುಸಾಗುತ್ತದೆ. ಮತ್ತೆ ಬೆಂಕಿಗೆ ಹಿಡಿದು ಮೆತ್ತಗೆ ಮಾಡದೆ ಬಡಿದರೆ ಸೀಳುತ್ತದೆ. ಆದುದರಿಂದ ಬಡಿಯುವುದು, ಕಾಯಿಸುವುದು, ಮತ್ತೆ ಬಡಿಯುವುದು. ಆ ತೆಳುವಾದ ತಗಡನ್ನು ಸಲಾಕೆಯ ಸುತ್ತ ಸುತ್ತಿ ನಳಿಗೆಯಾಗಿ ಮಾಡಿ, ಅಂಚುಗಳನ್ನು ಬೆಸೆಯುವರು. ಬೆಸುಗೆಯ ಲೋಹದಲ್ಲಿ ಬೆಳ್ಳಿಯು ಕಡಿಮೆ, ತಾಮ್ರ ಹಿತ್ತಾಳೆಗಳ ಬೆರಕೆ ಹೆಚ್ಚು. ಏಕೆಂದರೆ ಬೆಸುಗೆಯು ಕಡಗಕ್ಕಿಂತ ಮೊದಲೇ ಕರಗಬೇಕು, ಇಲ್ಲವಾದರೆ ಕಡಗವೇ ಕರಗಿ ಹೋದೀತು. ಬಳಿಕ ಆ ನಳಿಗೆಯೊಳಗೆ ಕಾಯಿಸಿದ ಅರಗನ್ನು ತುಂಬಿ, ಅನಂತರವೇ ಬಾಗಿಸಿ ಬಳೆಯಾಗಿಸುವರು. ಒಳಗೆ ಅರಗಿಲ್ಲದಿದ್ದರೆ ಬಾಗಿಸುವಾಗ ತಗಡು ಕುಸಿಯುತ್ತದೆ. ತೊಟ್ಟ ಮೇಲೂ ಒಂದು ಪೆಟ್ಟಿಗೆ ತಗ್ಗು ಬೀಳುತ್ತದೆ.

ಅರಗು ಎಂಬುದು ಮುತ್ತುಗ, ಬೋರೆ ಮುಂತಾದ ಮರಗಳ ಎಳೆಯ ಟೊಂಗೆಗಳಲ್ಲಿ ಸಣ್ಣ ಹುಳುವೊಂದು ರಸವನ್ನು ಹೀರಿ ತನ್ನ ಮೈಯ ರಕ್ಷಣೆಗಾಗಿ ಸುರಿಸುವ ಅಂಟು. ಬಡವರ ಮನೆಯ ಹೆಣ್ಣುಮಗಳು ಗಟ್ಟಿ ಬೆಳ್ಳಿಯ ಕಡಗವನ್ನು ತೊಡಲಾರಳು. ಅರಗಿನ ಆಸರೆಯಿಂದ ಸ್ವಲ್ಪ ಬೆಳ್ಳಿಯಲ್ಲಿಯೇ ಅವಳ ಕೈ ತುಂಬುತ್ತದೆ. ಆದರೆ ಅದೇ ಅರಗನ್ನು ಬೆಳ್ಳಿಯ ಬೆಲೆಗೆ ತೂಗಿಕೊಟ್ಟರೆ? ನಮ್ಮ ಮನಸ್ಸಿನಲ್ಲಿದ್ದ ಪ್ರಶ್ನೆಯನ್ನು ಪತ್ತಾರರು ತಾವೇ ಎತ್ತಿದರು. ನಳಿಗೆಯನ್ನು ಅರಗು ತುಂಬುವ ಮೊದಲೊಮ್ಮೆ ತೂಗಿದ್ದರು. ತುಂಬಿದ ಬಳಿಕ ಮತ್ತೊಮ್ಮೆ ತೂಗಿದರು. ಎರಡೂ ತೂಕಗಳನ್ನು ಒಂದು ಚೀಟಿಯಲ್ಲಿ ಬರೆದರು. “ಬೆಳ್ಳಿ ಎಷ್ಟು, ಅರಗು ಎಷ್ಟು ಅಂತ ಬರದು ಕೊಡತೀನಿ. ಕೇಳಿದವರಿಗೂ ಕೊಡತೀನಿ, ಕೇಳದವರಿಗೂ ಕೊಡತೀನಿ. ಓದಲಿಕ್ಕೆ ಬರದವರಿಗೆ ಬಾಯಿಲೆ ಹೇಳತೀನಿ.”

ಆ ಚೀಟಿಯನ್ನು ನೋಡಿದಾಗ ನಮಗೆ ಮಹಾಭಾರತದ ಅರಗಿನ ಮನೆ ನೆನಪಾಯಿತು. ದುರ್ಯೋಧನನ ಅಪ್ಪಣೆಯಂತೆ ಪುರೋಚನನು ಕಟ್ಟಿಸಿದ ಆ ಮನೆಯಲ್ಲಿಯೂ ಇದ್ದುದು ಇದೇ ಅರಗು. ಹೊರಗೆ ಸೊಗಸು, ಒಳಗೆ ಅರಗು, ಇಲ್ಲಿಯೂ ಹಾಗೆಯೇ. ವಸ್ತು ಒಂದೇ, ರಚನೆಯೂ ಒಂದೇ ಬಗೆಯದು. ಭೇದವಿರುವುದು ಹೇಳುವುದರಲ್ಲಿ ಮತ್ತು ಹೇಳದಿರುವುದರಲ್ಲಿ. ವಿದುರನು ಮುಚ್ಚಿಟ್ಟದ್ದನ್ನು ತಿಳಿಸಿದ್ದರಿಂದಲೇ ಪಾಂಡವರು ಬದುಕಿದರು. ಬೆಸುಗೆಯ ತಾಮ್ರವೂ ಹಾಗೆಯೇ: ಎಷ್ಟು ಬೇಕೋ ಅಷ್ಟಿದ್ದು, ಇದೆಯೆಂದು ತಿಳಿಸಿದರೆ ಅದು ಕಸುಬು, ಹೆಚ್ಚಾಗಿದ್ದು, ಮುಚ್ಚಿದರೆ ಅದು ಕಳವು. ಮೋಸವೆಂಬುದು ವಸ್ತುವಿನ ಗುಣವಲ್ಲ, ಮಾತಿನ ಗುಣ. ಇಷ್ಟು ಸರಳವಾದ ವಿಷಯವನ್ನು ತಿಳಿಯಲು ನಾವು ಪಡಸಾಲೆಯ ಚಾಪೆಯ ಮೇಲೆ ಕುಳಿತುಕೊಳ್ಳಬೇಕಾಯಿತು.

ನಾವು ಅಲ್ಲಿರುವಾಗಲೇ ಒಬ್ಬ ಒಕ್ಕಲಿಗರೂ ಅವರ ಹೆಂಡತಿಯೂ ಬಂದರು. ಹಳೆಯ ತೋಡೆಗಳನ್ನು ಮುರಿಸಿ ಮೊಮ್ಮಗನಿಗೆ ಉಡಿದಾರ ಮಾಡಿಸಬೇಕಾಗಿತ್ತು. ಬೆಳ್ಳಿಯ ತೂಕದಲ್ಲಿ ಜಗಳವಾಗಲಿಲ್ಲ. ಜಗಳವಾದದ್ದು ಮಜೂರಿಯಲ್ಲಿ. “ಪ್ಯಾಟ್ಯಾಗ ಮಜೂರಿ ಇಲ್ಲ ಅಂತ ಬೋರ್ಡ ಹಚ್ಚ್ಯಾರ, ನೀವೇನು ಇಷ್ಟು ಹೇಳತೀರಿ ಕಾಕಾ?” ಎಂದು ಆ ತಾಯಿ ಕೇಳಿದರು. ಪತ್ತಾರರು ನಕ್ಕು, “ಮಜೂರಿ ಇಲ್ಲಂದ್ರ ಮಾಡಿದವ ಏನ ತಿಂತಾನವ್ವಾ? ಎಲ್ಲೋ ಒಂದು ಕಡೆ ತಗೊಂಡೇ ತಗೋತಾನ” ಎಂದರು. ಕೊನೆಗೆ ಕೇಳಿದ್ದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿಗೆ ಒಪ್ಪಂದವಾಯಿತು. ಗಂಡಹೆಂಡಿರು ಗೆದ್ದವರಂತೆ ಎದ್ದುಹೋದರು.

ಆಗ ನಮಗೆ ತಲೆ ಎತ್ತಲಾಗಲಿಲ್ಲ. ಎರಡು ವರುಷಗಳ ಹಿಂದೆ ನಮ್ಮ ಮಗಳ ಕಾಲ್ಗೆಜ್ಜೆಯನ್ನು ಇದೇ ಪತ್ತಾರರಲ್ಲಿ ಮಾಡಿಸಿದ್ದೆವು. ಬೆಳ್ಳಿಗೆ ಪೇಟೆಯ ದರವನ್ನು ಒಂದು ಪೈಸೆ ಬಿಡದೆ ಕೊಟ್ಟು, ಮಜೂರಿಯಲ್ಲಿ ಅರ್ಧವನ್ನು ಕಡಿಯಿಸಿ, ಮನೆಗೆ ಬಂದು ನಮ್ಮ ಜಾಣತನವನ್ನು ಹೇಳಿಕೊಂಡಿದ್ದೆವು. ಬೆಳ್ಳಿಯ ಬೆಲೆಯನ್ನು ಕಡಿಮೆ ಮಾಡೆಂದು ನಾವು ಕೇಳಲಿಲ್ಲ; ಏಕೆಂದರೆ ಬೆಳ್ಳಿಗೆ ಬೆಲೆಯುಂಟೆಂದು ನಂಬಿದ್ದೆವು. ಮಜೂರಿಯನ್ನು ಕಡಿಮೆ ಮಾಡೆಂದೆವು. ಏಕೆಂದರೆ ಆ ಕೈಗೆ, ಆ ಕಣ್ಣಿಗೆ, ಆ ಎರಡು ದಿನಗಳಿಗೆ ಬೆಲೆಯುಂಟೆಂದು ನಾವು ನಂಬಿರಲಿಲ್ಲ. ತಿಂಗಳ ಸಂಬಳವು ನಾಲ್ಕು ದಿನ ತಡವಾದರೆ ಗೊಣಗುವ ನಾವು ಹೀಗೆ ಮಾಡಿದೆವು.

ಈಗ ಗಾದೆಯನ್ನು ಮತ್ತೊಮ್ಮೆ ವಿಚಾರಿಸೋಣ. ಲೋಹಕ್ಕೆ ಮಾತ್ರ ಬೆಲೆ ಕೊಟ್ಟು ಕೆಲಸಕ್ಕೆ ಬೆಲೆ ಕೊಡದ ಸಮಾಜವು, ಕೆಲಸಗಾರನಿಗೆ ಎರಡೇ ದಾರಿಗಳನ್ನು ಬಿಡುತ್ತದೆ: ಹಸಿದಿರುವುದು, ಇಲ್ಲವೇ ಲೋಹದಿಂದ ತನ್ನ ಕೂಲಿಯನ್ನು ಕದ್ದು ತೆಗೆದುಕೊಳ್ಳುವುದು. ಎರಡನೆಯದನ್ನು ಯಾರೋ ಹಿಡಿದಾಗ ಒಂದು ಗಾದೆ ಹುಟ್ಟುತ್ತದೆ. ಮೊದಲನೆಯದನ್ನು ಆಯ್ದುಕೊಂಡು ನೂರು ಜನ ಹಸಿದಿದ್ದರೂ ಅವರ ಮೇಲೆ ಯಾವ ಗಾದೆಯೂ ಹುಟ್ಟುವುದಿಲ್ಲ. ಹೀಗೆ ಗಾದೆಯು ಅಕ್ಕಸಾಲಿಗನ ಕೈಯನ್ನು ತೋರಿಸುತ್ತದೆ, ಗಿರಾಕಿಯ ಕೈಯನ್ನು ಮರೆಮಾಡುತ್ತದೆ.

ನಮ್ಮ ಪೂರ್ವಿಕರಿಗೆ ಇದು ತಿಳಿಯದ ವಿಷಯವಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಅಕ್ಕಸಾಲಿಗರು ಲೋಹವನ್ನು ಅಪಹರಿಸುವ ಐದು ಉಪಾಯಗಳನ್ನು ತಕ್ಕಡಿಯ ಮೋಸದಿಂದಾರಂಭಿಸಿ ಎಣಿಸಲಾಗಿದೆ. ಅದೇ ಗ್ರಂಥದಲ್ಲಿ ಕೆಲಸಕ್ಕೆ ತಕ್ಕ ಕೂಲಿಯನ್ನೂ, ಬೆಂಕಿಯಲ್ಲಿ ಸಹಜವಾಗಿ ಸವೆಯುವ ಲೋಹದ ಪ್ರಮಾಣವನ್ನೂ ನಿಗದಿಗೊಳಿಸಲಾಗಿದೆ. ಕಳವನ್ನು ಹಿಡಿಯಬೇಕೆನ್ನುವವನು ಕೂಲಿಯನ್ನೂ ಗೊತ್ತುಪಡಿಸಬೇಕೆಂಬುದು ಅಲ್ಲಿಯ ನ್ಯಾಯ. ನಾವು ಮೊದಲನೆಯ ಭಾಗವನ್ನು ಗಾದೆ ಮಾಡಿಕೊಂಡೆವು, ಎರಡನೆಯದನ್ನು ಮರೆತೆವು. ವಿಜ್ಞಾನದ ಪಾಠದಲ್ಲಿ ಆರ್ಕಿಮಿಡೀಸನ ಕಥೆಯನ್ನೂ ಹೇಳುತ್ತೇವೆ: ಸಿರಾಕ್ಯೂಸಿನ ಅರಸನ ಚಿನ್ನದ ಕಿರೀಟದಲ್ಲಿ ಅಕ್ಕಸಾಲಿಗನು ಬೆಳ್ಳಿಯನ್ನು ಬೆರೆಸಿದ್ದನ್ನು ಅವನು ನೀರಿನಿಂದ ಕಂಡುಹಿಡಿದನೆಂದು. ಪಂಡಿತನ ಹೆಸರು ಮಕ್ಕಳ ಬಾಯಲ್ಲಿ ಉಳಿಯುತ್ತದೆ. ಅಕ್ಕಸಾಲಿಗನ ಹೆಸರು ಉಳಿಯುವುದಿಲ್ಲ. ಅವನ ಕಸುಬಿನ ಮೇಲೆ ಬಿದ್ದ ಕಲೆ ಮಾತ್ರ ಉಳಿಯುತ್ತದೆ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಕಿನ್ನರಿ ಬ್ರಹ್ಮಯ್ಯನೆಂಬವನಿದ್ದನು. ಅವನು ಮೊದಲು ಅಕ್ಕಸಾಲಿಗನಾಗಿದ್ದು, ತನ್ನ ಪ್ರಾಮಾಣಿಕತೆಯ ಮೇಲೆ ಸಂದೇಹ ಬಂದಾಗ ಆ ಕಸುಬನ್ನೇ ಬಿಟ್ಟು, ಕಿನ್ನರಿ ನುಡಿಸುವುದನ್ನು ಕಾಯಕವಾಗಿ ಹಿಡಿದನೆಂದು ಪರಂಪರೆ ಹೇಳುತ್ತದೆ. ಸೊನ್ನಲಿಗೆಯ ಸಿದ್ಧರಾಮನ ನಾಡಿನವರಾದ ನಾವು ಕಾಯಕದ ಹಿರಿಮೆಯನ್ನು ಕೊಂಡಾಡುತ್ತೇವೆ. ಆದರೆ ಒಬ್ಬನ ಕಾಯಕವನ್ನು ಅವನಿಂದ ಬಿಡಿಸಲು ಕತ್ತಿ ಬೇಕಾಗಿಲ್ಲ, ಒಂದು ಸಂದೇಹ ಸಾಕು ಎಂಬುದನ್ನು ಈ ಕಥೆ ತಿಳಿಸುತ್ತದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. “ಹಾಗಾದರೆ ಮೋಸ ಮಾಡುವವರೇ ಇಲ್ಲವೇ? ಮಜೂರಿ ಕಡಿಮೆಯಾಯಿತೆಂದು ಕದಿಯುವುದು ಧರ್ಮವೇ?” ಎಂದು ಕೇಳುವವರುಂಟು. ಇದು ಹುರುಳಿಲ್ಲದ ಆಕ್ಷೇಪವಲ್ಲ. ನಾವು ಇದನ್ನು ಪತ್ತಾರರಿಗೇ ಕೇಳಿದೆವು. ಅವರು ಕಡಗದಿಂದ ಕಣ್ಣೆತ್ತದೆ, “ಕಡಿಮಿ ಕೊಟ್ಟಾರಂತ ಕದ್ದರ, ಕೊಟ್ಟವ ಜಿಪುಣ, ಕದ್ದವ ಕಳ್ಳ. ಅವನದು ಅವಗ, ನನ್ನದು ನನಗ. ಲೆಕ್ಕ ಕೂಡಸಬ್ಯಾಡ್ರಿ” ಎಂದರು. ಒಬ್ಬರ ಅನ್ಯಾಯವು ಮತ್ತೊಬ್ಬರ ಅನ್ಯಾಯಕ್ಕೆ ಕಾರಣವಾಗಬಹುದು, ಸಮರ್ಥನೆಯಾಗಲಾರದು. ಆ ಮಾತನ್ನು ಹೇಳುವ ಅಧಿಕಾರ ಅವರಿಗಿತ್ತು. ನಮಗಿರುವ ಅಧಿಕಾರವು ನಮ್ಮ ಭಾಗದ ಅನ್ಯಾಯವನ್ನು ಒಪ್ಪಿಕೊಳ್ಳುವುದಷ್ಟೇ.

ಹಾಗೆಂದು ಪರೀಕ್ಷೆಯೇ ಬೇಡವೆನ್ನುವುದೂ ಸರಿಯಲ್ಲ. ಪರೀಕ್ಷೆ ಬೇರೆ, ಸಂದೇಹ ಬೇರೆ. ಪರೀಕ್ಷೆಯು ವಸ್ತುವನ್ನು ನೋಡುತ್ತದೆ. ಸಂದೇಹವು ಮನುಷ್ಯನನ್ನು, ಅದರಲ್ಲಿಯೂ ಅವನ ಹುಟ್ಟನ್ನು ನೋಡುತ್ತದೆ. ಒರೆಗಲ್ಲಿಗೆ ತಿಕ್ಕಿದರೆ ಯಾವ ಪತ್ತಾರನೂ ನೊಂದುಕೊಳ್ಳುವುದಿಲ್ಲ. ಅದು ಅವನ ಪೆಟ್ಟಿಗೆಯಲ್ಲಿಯೇ ಇರುವ ಕಲ್ಲು. ಇಂದು ಬೆಳ್ಳಿಗೂ ಭಾರತೀಯ ಮಾನಕ ಬ್ಯೂರೋದ ಮುದ್ರೆಯ ವ್ಯವಸ್ಥೆಯಿದೆ. 925 ಎಂಬ ಅಂಕೆಯಿದ್ದರೆ ಸಾವಿರ ಭಾಗದಲ್ಲಿ 925 ಭಾಗ ಬೆಳ್ಳಿಯೆಂದು ಅರ್ಥ. ಇದು ಒಳ್ಳೆಯದೇ. ಪರೀಕ್ಷೆಯು ಪ್ರಾಮಾಣಿಕನನ್ನು ಕಾಪಾಡುತ್ತದೆ, ಸಂದೇಹವು ಪ್ರಾಮಾಣಿಕನನ್ನೂ ಕಳ್ಳನನ್ನೂ ಒಂದೇ ಚೀಲದಲ್ಲಿ ಹಾಕುತ್ತದೆ. ಬೆಳ್ಳಿಯು ಕಪ್ಪಾಯಿತೆಂದು ಪತ್ತಾರನ ಮೇಲೆ ಹರಿಹಾಯುವವರು ಎಷ್ಟು ಜನರಿಲ್ಲ! ಗಾಳಿಯಲ್ಲಿರುವ ಗಂಧಕದ ಸಂಯುಕ್ತಗಳಿಂದ ಅಪ್ಪಟ ಬೆಳ್ಳಿಯೂ ಕಪ್ಪಾಗುತ್ತದೆ. ಅದು ಖೋಟಾ ಬೆಳ್ಳಿಯ ಗುರುತಲ್ಲ. ಪರೀಕ್ಷಿಸಿದವನು ಇದನ್ನು ತಿಳಿಯುತ್ತಾನೆ, ಸಂದೇಹಿಸಿದವನು ತಿಳಿಯುವ ಮೊದಲೇ ಬೈಯುತ್ತಾನೆ.

ಇನ್ನು ಮುದ್ರೆಗೂ ಒರೆಗಲ್ಲಿಗೂ ಕಾಣದ ಕೆಲವು ಸಂಗತಿಗಳಿವೆ. ಕಡಗದ ಒಳಮೈಯನ್ನು ಪತ್ತಾರರು ಅರದಿಂದ ಉಜ್ಜುತ್ತಿದ್ದುದನ್ನು ನೋಡಿದೆವು. ಅದು ಚರ್ಮಕ್ಕೆ ತಾಗುವ ಭಾಗ, ಯಾರ ಕಣ್ಣಿಗೂ ಬೀಳದು. ಉಜ್ಜದಿದ್ದರೂ ತೂಕದಲ್ಲಿ ಹೆಚ್ಚು ಕಡಿಮೆಯಾಗದು, ಅಂಕೆಯೂ ಬದಲಾಗದು. ಬಳಿಕ ಒಬ್ಬ ಜಂಗಮರಿಗಾಗಿ ಮಾಡುತ್ತಿದ್ದ ರುದ್ರಾಕ್ಷಿ ಮಾಲೆಯನ್ನು ತೋರಿಸಿದರು. ಮರದಲ್ಲಿ ಬೆಳೆದ ರುದ್ರಾಕ್ಷಿಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಆದುದರಿಂದ ಪ್ರತಿಯೊಂದು ಮಣಿಯನ್ನೂ ಬೆರಳಲ್ಲಿ ತಿರುಗಿಸಿ ನೋಡಿ, ಅದರ ತಗ್ಗುದಿನ್ನೆಗಳಿಗೆ ಹೊಂದುವ ಬೆಳ್ಳಿಯ ಟೋಪಿಯನ್ನು ಬೇರೆ ಬೇರೆಯಾಗಿಯೇ ಮಾಡುತ್ತಿದ್ದರು. ಯಂತ್ರದ ಟೋಪಿಗಳಾದರೋ ಎಲ್ಲವೂ ಒಂದೇ ಅಳತೆ. ಅಲ್ಲಿ ರುದ್ರಾಕ್ಷಿಯನ್ನೇ ಕೆತ್ತಿ ಟೋಪಿಗೆ ಹೊಂದಿಸಬೇಕಾಗುತ್ತದೆ. ನಲವತ್ತು ಮಕ್ಕಳಿಗೆ ಒಂದೇ ಟೋಪಿ ತೊಡಿಸುವ ನಮಗೆ ಆ ನೋಟವು ಒಂದು ಪಾಠವಾಗಿತ್ತು.

ಏಳುವ ಮುನ್ನ ಪತ್ತಾರರು ಒಂದು ಡಬ್ಬಿಯನ್ನು ತೆರೆದು ಹಳೆಯ ಕಾಲದ ತೂಕಗಳನ್ನು ತೋರಿಸಿದರು: ಹಿಡಿಯಷ್ಟು ಗುಲಗಂಜಿ. ಎಂಟು ಗುಂಜಿಗೆ ಒಂದು ಮಾಸೆ, ಹನ್ನೆರಡು ಮಾಸೆಗೆ ಒಂದು ತೊಲೆ; ಅಂದರೆ 96 ಕಾಳುಗಳಿಗೆ 11.66 ಗ್ರಾಂ. 1958ರ ಅಕ್ಟೋಬರಿನಿಂದ ಮೆಟ್ರಿಕ್ ತೂಕಗಳು ಬಳಕೆಗೆ ಬರತೊಡಗಿದ ಮೇಲೆ ಆ ಕಾಳುಗಳು ಡಬ್ಬಿ ಸೇರಿದವು. ಕೆಂಪು ಕಾಳು, ತುದಿಯಲ್ಲಿ ಕಪ್ಪು ಚುಕ್ಕೆ. ತೂಗುವ ಕಾಳಿಗೂ ಕಪ್ಪು ಇದೆಯಲ್ಲ ಎಂದು ನಮಗೆ ಅನಿಸಿತು. ಪತ್ತಾರರನ್ನು ಪೀಳಿಗೆಯಿಂದ ಪೀಳಿಗೆಗೆ ಒಂದು ಗಾದೆಯಿಂದ ತೂಗುತ್ತ ಬಂದ ನಾವು ನಮ್ಮ ಚುಕ್ಕೆಯನ್ನು ನೋಡಿಕೊಂಡಿರಲಿಲ್ಲ.

ಅಂದು ಕ್ಷಮೆ ಕೇಳಿದೆವು. “ನನಗ ಬ್ಯಾಡ್ರಿ ಮಾಸ್ತರ್ರ. ನಾ ನಿಮ್ಮ ಇಯತ್ತಿಯೊಳಗ ಕೂತಿರಲಿಲ್ಲ” ಎಂದರು. ಆ ಮಾತು ನಮ್ಮನ್ನು ಮನೆಯವರೆಗೂ ಹಿಂಬಾಲಿಸಿತು. ತಪ್ಪು ಎಲ್ಲಿ ನಡೆಯಿತೋ, ಯಾರ ಮುಂದೆ ನಡೆಯಿತೋ, ಅಲ್ಲಿಯೇ ಅದನ್ನು ತಿದ್ದಬೇಕು. ಒಬ್ಬರ ಪಡಸಾಲೆಯಲ್ಲಿ ಮೆಲ್ಲಗೆ ಕೇಳಿದ ಕ್ಷಮೆಯು ಅರ್ಧ ಮಜೂರಿ ಕೊಟ್ಟಂತೆ.

ಮರುದಿನ ಹುಡುಗನು ಸಾಲೆಗೆ ಬಂದನು. ನಾವು ಅವನ ಹೆಸರೆತ್ತದೆ, ಅವನ ಕಡೆ ನೋಡದೆ, ಅದೇ ಗಾದೆಯನ್ನು ಹಲಗೆಯ ಮೇಲೆ ಮತ್ತೆ ಬರೆದೆವು. ಅಂದು ವಿಚಾರಿಸದೆ ಇದನ್ನು ಹೇಳಿ ನಾವು ತಪ್ಪು ಮಾಡಿದೆವೆಂದು ಮಕ್ಕಳ ಮುಂದೆ ಒಪ್ಪಿಕೊಂಡೆವು. ಬಳಿಕ ಒಂದು ಪ್ರಶ್ನೆ ಬರೆದೆವು: “ಅಕ್ಕಸಾಲಿಗನಿಗೆ ಮಜೂರಿ ಕೊಟ್ಟವರು ಯಾರು, ಎಷ್ಟು ಕೊಟ್ಟರು ಎಂಬುದನ್ನು ಈ ಗಾದೆ ಹೇಳುತ್ತದೆಯೇ?” ಮಕ್ಕಳು ಬಹಳ ಹೊತ್ತು ಸುಮ್ಮನಿದ್ದರು. ಅನಂತರ ಒಬ್ಬ ಹುಡುಗಿ, ತನ್ನ ತಂದೆಗೂ ಕಬ್ಬು ಕಡಿದ ಕೂಲಿಯಲ್ಲಿ ಹೀಗೆಯೇ ಕಡಿಯುತ್ತಾರೆಂದು ಹೇಳಿದಳು. ಆ ದಿನದ ಪಾಠ ಅಲ್ಲಿಂದ ಮುಂದೆ ಅವರದೇ ಆಯಿತು. ಪತ್ತಾರರ ಮಗನು ಏನೂ ಮಾತಾಡಲಿಲ್ಲ. ಆದರೆ ಲೇಖನಿ ಅವನ ಕೈಯಲ್ಲಿತ್ತು. ಅವನ ಮನಸ್ಸಿನಲ್ಲಿ ಬಿದ್ದ ತಗ್ಗು ಪೂರ್ತಿಯಾಗಿ ಎದ್ದಿತೆಂದು ಹೇಳುವ ಧೈರ್ಯ ನಮಗಿಲ್ಲ.

ನಮ್ಮ ಕಸುಬೂ ಟೊಳ್ಳು ಕಡಗದ ಕಸುಬೇ. ನಾವು ತುಂಬುವುದು ಒಳಗೆ. ಏನು ತುಂಬಿದೆವೆಂದು ಹೊರಗಿನವರಿಗೆ ಕಾಣದು, ಪರೀಕ್ಷೆಯ ಅಂಕಗಳಲ್ಲಿ ತಿಳಿಯದು. ಪೆಟ್ಟು ಬಿದ್ದ ದಿನ ಮಗು ತಗ್ಗಿತೋ ನಿಂತಿತೋ ಎಂಬುದರಿಂದಲೇ ತಿಳಿಯಬೇಕು. ಅದಕ್ಕಾಗಿ ಗಾದೆಯನ್ನು ಹೇಳಿಕೊಡುವ ಮುನ್ನ ಅದರಲ್ಲಿ ಬೆಳ್ಳಿಯೆಷ್ಟು, ಅರಗೆಷ್ಟು ಎಂದು ನಾವು ಒಮ್ಮೆ ತೂಗಿ ನೋಡೋಣ. ತೂಗಿದ್ದನ್ನು, ಆ ಪತ್ತಾರರಂತೆ, ಕೇಳಿದವರಿಗೂ ಕೇಳದವರಿಗೂ ಹೇಳೋಣ.

ಕಾಲ್ಗೆಜ್ಜೆಯ ಮಜೂರಿಯ ಉಳಿದರ್ಧವನ್ನು ನಾವು ಮುಂದಿನ ತಿಂಗಳ ಸಂಬಳದಲ್ಲಿ ಕೊಟ್ಟುಬಂದೆವು. ಅವರು ಬೇಡವೆಂದರು, ಬಳಿಕ ತೆಗೆದುಕೊಂಡರು, ತೆಗೆದುಕೊಂಡು, ಚೀಟಿ ಬರೆದು ಕೊಟ್ಟರು.